ಕೆಮಿಸ್ಟ್ರಿ ಕಲಿಸಲು ಯಾವ ಮಾನದಂಡ ಹಿಡಿಯಬೇಕು? ಪಾಠಗಳ ಪಟ್ಟಿ ಬದಿಗಿಟ್ಟು ನೋಡೋಣ

ಎರಡು ಮೂರು ಸಿಲೆಬಸ್ ಮುಂದಿಟ್ಟುಕೊಂಡು ಯಾವುದು ಒಳ್ಳೆಯದು ಅಂತ ನೋಡುವಾಗ ಬಹುತೇಕರು ಮೊದಲು ಮಾಡುವ ಕೆಲಸ ಪಾಠಗಳ ಹೆಸರು ಎಣಿಸುವುದು. ಇದರಲ್ಲಿ ಆರ್ಗ್ಯಾನಿಕ್ ಜಾಸ್ತಿ ಇದೆ, ಅದರಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ಕಡಿಮೆ, ಇನ್ನೊಂದರಲ್ಲಿ ಪಾಲಿಮರ್ ಪಾಠವೇ ಇಲ್ಲ. ಇದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಪರಮಾಣು, ಬಂಧ, ಮೋಲ್, ಆಮ್ಲ, ಪ್ರತ್ಯಾಮ್ಲ, ಕ್ರಿಯೆಯ ವೇಗ, ಸಮತೋಲನ, ಇವು ಹೆಚ್ಚುಕಡಿಮೆ ಎಲ್ಲ ಕಡೆಯೂ ಇದ್ದೇ ಇರುತ್ತವೆ. ನಿಜವಾದ ವ್ಯತ್ಯಾಸ ಮೂರು ಕಡೆ ಇದೆ: ವಿದ್ಯಾರ್ಥಿಯ ಕೈಯಲ್ಲಿ ಏನು ಮಾಡಿಸುತ್ತಾರೆ, ಪಾಠವನ್ನು ಎಲ್ಲಿಗೆ ನಿಲ್ಲಿಸಿ ಅನ್ನುತ್ತಾರೆ, ಲ್ಯಾಬ್‌ಗೆ ಎಷ್ಟು ಜಾಗ ಕೊಡುತ್ತಾರೆ.

ಇಲ್ಲಿ ಹೋಲಿಸುತ್ತಿರುವುದು ಶಿಕ್ಷಕರು ಹೆಚ್ಚಾಗಿ ತಡಕಾಡುವ ಐದನ್ನು. ಅಮೆರಿಕದ ಶಾಲಾ ವಿಜ್ಞಾನದ ಮಾನದಂಡವಾದ ಎನ್‌ಜಿಎಸ್‌ಎಸ್, ಅಲ್ಲಿಯದೇ ಎಪಿ ಕೆಮಿಸ್ಟ್ರಿ, ಕೇಂಬ್ರಿಡ್ಜ್ ಮಂಡಳಿ ಬೇರೆ ಬೇರೆ ದೇಶಗಳ ಶಾಲೆಗಳಿಗೆ ನಡೆಸುವ ಐಜಿಸಿಎಸ್‌ಇ (ಹತ್ತನೇ ತರಗತಿಯ ಸುಮಾರಿಗೆ) ಮತ್ತು ಎ ಲೆವೆಲ್ (ಹನ್ನೆರಡರ ಸುಮಾರಿಗೆ), ಹಲವು ದೇಶಗಳಲ್ಲಿ ನಡೆಯುವ ಎರಡು ವರ್ಷದ ಐಬಿ ಡಿಪ್ಲೊಮಾ, ಮತ್ತೆ ಎನ್‌ಸಿಇಆರ್‌ಟಿ ಪುಸ್ತಕಗಳ ಮೇಲೆ ನಿಂತಿರುವ ನಮ್ಮ ಸಿಬಿಎಸ್‌ಇ. ಇವೆಲ್ಲ ಒಂದೇ ಜಾತಿಯವಲ್ಲ, ಇದು ಮೊದಲೇ ತಲೆಯಲ್ಲಿರಲಿ. ಎನ್‌ಜಿಎಸ್‌ಎಸ್ ಅಂದರೆ ವಿದ್ಯಾರ್ಥಿ ಕೊನೆಗೆ ಏನು ಮಾಡಬಲ್ಲವನಾಗಿರಬೇಕು ಅನ್ನುವ ಹೇಳಿಕೆಗಳು, ಅಷ್ಟೇ. ಅದಕ್ಕೆ ತನ್ನದೇ ಪಠ್ಯಪುಸ್ತಕವಿಲ್ಲ, ಯಾವ ವಾರ ಯಾವ ಪಾಠ ಅನ್ನುವ ಯೋಜನೆಯೂ ಇಲ್ಲ. ಉಳಿದ ನಾಲ್ಕಕ್ಕೆ ಕೊನೆಯಲ್ಲಿ ಒಂದು ಪರೀಕ್ಷೆ ಇದೆ, ಪ್ರಶ್ನೆಪತ್ರಿಕೆ ಇದೆ. ಪರೀಕ್ಷೆ ಇರುವ ಕಡೆ ಪಾಠ ಪರೀಕ್ಷೆಯ ಕಡೆಗೇ ವಾಲುತ್ತದೆ, ನಾವು ಎಷ್ಟೇ ಬೇಡ ಅಂದರೂ.

ಒಂದೇ ಟೆಸ್ಟ್ ಟ್ಯೂಬ್, ಬೇರೆ ಬೇರೆ ಪ್ರಶ್ನೆ

ಹೋಲಿಸಲು ಒಳ್ಳೆಯ ದಾರಿ ಅಂದರೆ ಒಂದೇ ಒಂದು ವಿಷಯ ಹಿಡಿದು ಎಲ್ಲ ಮಾನದಂಡಗಳಲ್ಲೂ ಅದನ್ನು ಹುಡುಕುವುದು. ನಾನು ಯಾವಾಗಲೂ ರಾಸಾಯನಿಕ ಸಮತೋಲನವನ್ನು ಹಿಡಿಯುತ್ತೇನೆ. ಯಾಕಂದರೆ ಬಾಯಿಪಾಠಕ್ಕೂ ತಿಳಿವಳಿಕೆಗೂ ಇರುವ ದೂರ ಅಲ್ಲಿ ಕಂಡಷ್ಟು ಬೇರೆಲ್ಲೂ ಕಾಣುವುದಿಲ್ಲ.

ಫೆರಿಕ್ ನೈಟ್ರೇಟ್‌ನ ತೆಳು ದ್ರಾವಣಕ್ಕೆ ಪೊಟ್ಯಾಶಿಯಂ ಥಯೋಸಯನೇಟ್ ಹನಿ ಹಾಕಿ. ರಕ್ತಗೆಂಪು ಬಣ್ಣ ಬರುತ್ತದೆ. ನೀರು ಬೆರೆಸಿ ಅದನ್ನು ಕಿತ್ತಳೆ ಬಣ್ಣಕ್ಕೆ ತೆಳುಮಾಡಿ, ಮೂರು ಟ್ಯೂಬ್‌ಗೆ ಹಂಚಿ. ಒಂದನ್ನು ಹಾಗೇ ಬಿಡಿ. ಇನ್ನೊಂದಕ್ಕೆ ಫೆರಿಕ್ ಹನಿ, ಮೂರನೆಯದಕ್ಕೆ ಥಯೋಸಯನೇಟ್ ಹನಿ. ಎರಡೂ ಮತ್ತೆ ಕೆಂಪಾಗುತ್ತವೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕ್ರಿಯೆ 'ಮುಗಿದಿದ್ದರೆ' ಎರಡರಲ್ಲಿ ಒಂದಾದರೂ ಪೂರ್ತಿ ಖರ್ಚಾಗಿರಬೇಕಿತ್ತು, ಹಾಗಿದ್ದರೆ ಎರಡೂ ಟ್ಯೂಬ್‌ಗಳು ಕೆಂಪಾಗಲು ಸಾಧ್ಯವೇ ಇರಲಿಲ್ಲ. ಎರಡೂ ಕೆಂಪಾದವು ಅಂದರೆ ಎರಡೂ ಅಯಾನುಗಳು ಇನ್ನೂ ದ್ರಾವಣದಲ್ಲಿ ಉಳಿದಿವೆ. ಸಮತೋಲನ ಅಂದರೆ ಏನು ಅನ್ನುವುದು ಮಕ್ಕಳಿಗೆ ಹೊಳೆಯುವುದು ಈ ಎರಡು ಹನಿಗಳಲ್ಲಿ.

ಈಗ ಇದೇ ಟ್ಯೂಬನ್ನು ಒಂದೊಂದು ಮಾನದಂಡದ ಕೈಗೆ ಕೊಡೋಣ.

ಎನ್‌ಜಿಎಸ್‌ಎಸ್ ಹೈಸ್ಕೂಲಿಗೆ ಕೇಳುವುದು ಹೀಗೆ: ಉತ್ಪನ್ನ ಜಾಸ್ತಿ ಬರಬೇಕಾದರೆ ಯಾವ ಪರಿಸ್ಥಿತಿ ಬದಲಿಸುತ್ತೀಯ, ನಿನ್ನ ವಿನ್ಯಾಸವನ್ನು ಸುಧಾರಿಸಿ ತೋರಿಸು. ಜೊತೆಗೇ ಒಂದು ಗಡಿಯನ್ನೂ ಬರೆದಿದ್ದಾರೆ. ಒಂದು ಸಲಕ್ಕೆ ಒಂದೇ ಅಂಶ ಬದಲಿಸಿದರೆ ಸಾಕು, ಸಮತೋಲನ ಸ್ಥಿರಾಂಕದ (ಸಮತೋಲನದಲ್ಲಿ ಉತ್ಪನ್ನ ಎಷ್ಟು, ಕ್ರಿಯೆಗೆ ಹಾಕಿದ್ದರಲ್ಲಿ ಉಳಿದದ್ದು ಎಷ್ಟು ಅನ್ನುವ ಅನುಪಾತ) ಲೆಕ್ಕ ಬೇಡ. ಐಜಿಸಿಎಸ್‌ಇಯ ಎಕ್ಸ್‌ಟೆಂಡೆಡ್ (ಹೆಚ್ಚಿನ ಆಳದ) ಹಂತದ ವಿದ್ಯಾರ್ಥಿಗೆ ಕೇಳುವುದು ಸಮತೋಲನ ಯಾವ ಕಡೆ ಸರಿಯುತ್ತದೆ, ಯಾಕೆ ಅಂತ. ಜೊತೆಗೆ ಅಮೋನಿಯಾ ತಯಾರಿಸುವ ಹೇಬರ್ ಕ್ರಿಯೆಯ 450 ಡಿಗ್ರಿ, 200 ಅಟ್ಮಾಸ್ಫಿಯರ್, ಕಬ್ಬಿಣದ ಕ್ಯಾಟಲಿಸ್ಟ್ ಇವು ನೆನಪಿರಬೇಕು. ಎಪಿಯಲ್ಲಿ ಬಣ್ಣದ ಗಾಢತೆ ಅಳೆದು, ಅದರಿಂದ ಸಾಂದ್ರತೆ ತೆಗೆದು, ಸ್ಥಿರಾಂಕವನ್ನೇ ಲೆಕ್ಕ ಹಾಕುವ ಮಟ್ಟಕ್ಕೆ ಹೋಗಬೇಕು. ಐಬಿ ಇಲ್ಲಿ ಎರಡು ಕವಲಾಗುತ್ತದೆ. ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಸ್ಥಿರಾಂಕದ ಸೂತ್ರ ಬರೆದು ಬೆಲೆ ದೊಡ್ಡದೋ ಚಿಕ್ಕದೋ ಅನ್ನುವುದರ ಅರ್ಥ ಹೇಳಿದರೆ ಸಾಕು, ಹೈಯರ್ ಲೆವೆಲ್‌ನಲ್ಲಿ ಅದರ ಲೆಕ್ಕವೂ ಬೇಕು, ಗಿಬ್ಸ್ ಶಕ್ತಿಯ (ಕ್ರಿಯೆ ತಾನಾಗಿ ನಡೆಯುತ್ತದೋ ಅನ್ನುವುದರ ಅಳತೆ) ಜೊತೆಗಿನ ನಂಟೂ ಬೇಕು. ಇನ್ನು ಸಿಬಿಎಸ್‌ಇ 11ನೇ ತರಗತಿಯ ಪ್ರಾಕ್ಟಿಕಲ್ ಪಟ್ಟಿಯಲ್ಲಿ ಇದೇ ಥಯೋಸಯನೇಟ್ ಪ್ರಯೋಗ ಹೆಸರು ಸಮೇತ ಇದೆ. ಥಿಯರಿಯಲ್ಲಿ ಸ್ಥಿರಾಂಕ, ಗಿಬ್ಸ್ ಶಕ್ತಿ, ಬಫರ್, ಕರಗುವಿಕೆಯ ಗುಣಲಬ್ಧ ಎಲ್ಲವೂ ಬರುತ್ತದೆ.

ನೋಡಿ, ಪಾಠದ ಹೆಸರು ಎಲ್ಲ ಕಡೆ ಒಂದೇ. ಆದರೆ ಒಬ್ಬರು ಯೋಚಿಸಿ ಬದಲಾಯಿಸು ಅನ್ನುತ್ತಾರೆ, ಒಬ್ಬರು ಕಾರಣ ಹೇಳು ಅನ್ನುತ್ತಾರೆ, ಒಬ್ಬರು ಅಳೆದು ಲೆಕ್ಕ ಹಾಕು ಅನ್ನುತ್ತಾರೆ. ಇದು ಪಾಠಗಳ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಹಾಗಾಗಿ ಯಾವುದೇ ಸಿಲೆಬಸ್ ಕೈಗೆ ಬಂದಾಗ ಮೊದಲು ಕ್ರಿಯಾಪದಗಳಿಗೆ ಗೆರೆ ಹಾಕಿ. ಹೇಳು, ವಿವರಿಸು, ಊಹಿಸು, ಯೋಜಿಸು, ಸಮರ್ಥಿಸು. ಅರ್ಧ ಗಂಟೆ ಸಾಕು, ಇಡೀ ದಾಖಲೆಯ ಸ್ವಭಾವ ಗೊತ್ತಾಗುತ್ತದೆ.

ಲೆಕ್ಕದ ಅಂಕಿಗಳಲ್ಲೂ ಜಗಳ ಇದೆ

ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಎರಡು ಮಾನದಂಡಗಳ ಪುಸ್ತಕ ಬೆರೆಸಿ ಕಲಿಸುವವರಿಗೆ ದಿನವೂ ಕಾಡುತ್ತದೆ. ಎರಡು ಮೋಲ್ ಅನಿಲ ಎಷ್ಟು ಲೀಟರ್? ಎಪಿಯ ಸೂತ್ರದ ಹಾಳೆ ಪ್ರಕಾರ ಎಸ್‌ಟಿಪಿಯಲ್ಲಿ (ಪ್ರಮಾಣಿತ ಉಷ್ಣತೆ ಮತ್ತು ಒತ್ತಡದಲ್ಲಿ) ಮೋಲ್‌ಗೆ 22.4 ಲೀಟರ್, ಹಾಗಾಗಿ 44.8. ಐಬಿಯ ಪ್ರಕಾರ 22.7, ಹಾಗಾಗಿ 45.4. ಐಜಿಸಿಎಸ್‌ಇಯಲ್ಲಿ ಕೋಣೆಯ ಉಷ್ಣತೆ ಮತ್ತು ಒತ್ತಡದಲ್ಲಿ 24, ಅಂದರೆ 48. ಮೂರೂ ಸರಿ. ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟ ಐಯುಪಿಎಸಿ 1982ರಲ್ಲಿ ಪ್ರಮಾಣಿತ ಒತ್ತಡವನ್ನು 1 ಅಟ್ಮಾಸ್ಫಿಯರ್‌ನಿಂದ 1 ಬಾರ್‌ಗೆ ಇಳಿಸಿತು, ಐಬಿ ಅದನ್ನು ಹಿಡಿಯಿತು, ಎಪಿ ಹಳೆಯದರಲ್ಲೇ ಉಳಿಯಿತು, ಕೇಂಬ್ರಿಡ್ಜ್ ಕೋಣೆಯ ಉಷ್ಣತೆಯನ್ನೇ ಇಟ್ಟುಕೊಂಡಿತು. ಮಕ್ಕಳಿಗೆ ಈ ಹಿನ್ನೆಲೆ ಹೇಳದೆ ಬರೀ ಅಂಕಿ ಕೊಟ್ಟರೆ ಅವರು ಅದನ್ನು ಪ್ರಕೃತಿಯ ನಿಯಮ ಅಂದುಕೊಂಡುಬಿಡುತ್ತಾರೆ.

ಮೋಲ್‌ನ ವ್ಯಾಖ್ಯಾನವನ್ನೂ ಹೀಗೇ ನೋಡಿ. 2019ರ ಮೇ 20ರಿಂದ ಒಂದು ಮೋಲ್ ಅಂದರೆ ನಿಖರವಾಗಿ 6.02214076 ಗುಣಿಸು 10ರ 23ನೇ ಘಾತದಷ್ಟು ಕಣಗಳು. ಅದಕ್ಕೂ ಮುಂಚೆ 12 ಗ್ರಾಂ ಕಾರ್ಬನ್-12ರಲ್ಲಿ ಇರುವಷ್ಟು ಪರಮಾಣುಗಳು ಅಂತ ಇತ್ತು. ನೀವು ಆರಿಸುವ ಪುಸ್ತಕ ಇನ್ನೂ ಹಳೆಯ ವ್ಯಾಖ್ಯಾನವನ್ನೇ ಹಿಡಿದುಕೊಂಡಿದ್ದರೆ ಅದು ಉಳಿದ ಕಡೆಯೂ ಪರಿಷ್ಕರಣೆ ಆಗಿಲ್ಲ ಅನ್ನುವ ಸುಳಿವು.

ಒಂದೊಂದರ ಬಗ್ಗೆ ನನ್ನ ಅಭಿಪ್ರಾಯ

ಎನ್‌ಜಿಎಸ್‌ಎಸ್ 2013ರಲ್ಲಿ ಬಂತು, 26 ರಾಜ್ಯಗಳು ಮುಂದೆ ನಿಂತು ಮಾಡಿದ್ದು. ಮೂರು ಎಳೆಗಳನ್ನು ಹೆಣೆದಿದ್ದಾರೆ: ವಿಜ್ಞಾನಿಗಳು ಕೆಲಸ ಮಾಡುವ ರೀತಿಯ 8 ಅಭ್ಯಾಸಗಳು, ಎಲ್ಲ ವಿಜ್ಞಾನಕ್ಕೂ ಸಲ್ಲುವ 7 ಪರಿಕಲ್ಪನೆಗಳು, ಮತ್ತು ವಿಷಯದ ಮುಖ್ಯ ವಿಚಾರಗಳು. ಹೈಸ್ಕೂಲಿನಲ್ಲಿ ವಸ್ತು ಮತ್ತು ಅದರ ಕ್ರಿಯೆಗಳ ಬಗ್ಗೆ ಇರುವುದು ಬರೀ 8 ಅಪೇಕ್ಷೆಗಳು. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಆ 'ಇಲ್ಲಿಗೆ ನಿಲ್ಲಿಸಿ' ಅನ್ನುವ ಗಡಿಗಳು. ಶಿಕ್ಷಕರಿಗೆ ಇದು ದೊಡ್ಡ ಉಪಕಾರ. ಎಲ್ಲವನ್ನೂ ಹೇಳಿ ಮುಗಿಸಬೇಕು ಅನ್ನುವ ಧಾವಂತ ಇರುವುದಿಲ್ಲ, ಆ ಸಮಯದಲ್ಲಿ ಮಕ್ಕಳು ಒಂದು ವಿದ್ಯಮಾನವನ್ನು ಹಿಡಿದು ಕೂತು ಯೋಚಿಸಬಹುದು. ಆದರೆ ತೊಂದರೆಯೂ ಅಲ್ಲೇ ಇದೆ. ಮೋಲ್ ಲೆಕ್ಕ, ಆಮ್ಲ-ಪ್ರತ್ಯಾಮ್ಲ, ಅನಿಲ ನಿಯಮಗಳು ಇದರಲ್ಲಿ ಬಹಳ ತೆಳು. ಮುಂದೆ ಕೆಮಿಸ್ಟ್ರಿ ಓದಲೇಬೇಕು ಅನ್ನುವ ವಿದ್ಯಾರ್ಥಿಗೆ ಇದೊಂದೇ ಸಾಲದು. ಶಿಕ್ಷಕರು ಹೊಸಬರಾಗಿದ್ದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಗೊತ್ತಾಗದೆ ಒದ್ದಾಡುತ್ತಾರೆ, ಯಾಕಂದರೆ ಪಾಠವನ್ನು ಕಟ್ಟುವ ಹೊಣೆ ಪೂರ್ತಿ ಅವರ ಮೇಲೇ ಬೀಳುತ್ತದೆ.

ಐಜಿಸಿಎಸ್‌ಇ ಇದಕ್ಕೆ ಪೂರ್ತಿ ಉಲ್ಟಾ. 12 ವಿಭಾಗಗಳು, ಪ್ರತಿಯೊಂದರಲ್ಲೂ ಏನೇನು ಬರಬೇಕು ಅಂತ ಸಾಲು ಸಾಲಾಗಿ ಬರೆದಿದ್ದಾರೆ, ಎಲ್ಲರಿಗೂ ಬೇಕಾದ ಕೋರ್ ಯಾವುದು, ಹೆಚ್ಚಿನ ಆಳದ ಸಪ್ಲಿಮೆಂಟ್ ಯಾವುದು ಅಂತ ಬೇರೆ ಮಾಡಿದ್ದಾರೆ. ಅಂಕಗಳಲ್ಲಿ 50 ಶೇಕಡಾ ತಿಳಿವಳಿಕೆಗೆ, 30 ಶೇಕಡಾ ಮಾಹಿತಿ ಬಳಸಿ ಸಮಸ್ಯೆ ಬಿಡಿಸುವುದಕ್ಕೆ, 20 ಶೇಕಡಾ ಪ್ರಯೋಗದ ಕೌಶಲಕ್ಕೆ. ಹೊಸ ಶಿಕ್ಷಕರಿಗೆ ಇಷ್ಟು ಸ್ಪಷ್ಟವಾದ ದಾಖಲೆ ಇನ್ನೊಂದಿಲ್ಲ. ಯಾವ ಪಾಠಕ್ಕೆ ಎಷ್ಟು ಆಳ ಅನ್ನುವ ಗೊಂದಲವೇ ಇಲ್ಲ. ಒಂದೇ ಎಚ್ಚರಿಕೆ: ಸಾಲುಗಳಿಗೆ ಟಿಕ್ ಹಾಕುತ್ತಾ ಹೋದರೆ ಪಾಠ ತುಂಡು ತುಂಡಾಗುತ್ತದೆ, ಬಂಧದ ಪಾಠಕ್ಕೂ ಶಕ್ತಿಯ ಪಾಠಕ್ಕೂ ನಂಟೇ ಇಲ್ಲ ಅನ್ನುವ ಹಾಗೆ. ಆ ನಂಟನ್ನು ನೀವೇ ಹಾಕಬೇಕು.

ಆ ನಂಟು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಬಂಧ ಮತ್ತು ಶಕ್ತಿಯದೇ ಉದಾಹರಣೆ ನೋಡಿ. ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ ಅಂತ ಎಷ್ಟೋ ಮಕ್ಕಳು ಗಟ್ಟಿಯಾಗಿ ನಂಬಿರುತ್ತಾರೆ. ಇಂಧನ ಉರಿಯುವುದನ್ನು ನೋಡಿ ಹಾಗೆ ಅನ್ನಿಸುವುದು ಸಹಜ. ಆದರೆ ಬಂಧ ಮುರಿಯಲು ಶಕ್ತಿ ಕೊಡಬೇಕು, ಹೊಸ ಬಂಧ ಕೂಡಿದಾಗ ಶಕ್ತಿ ಹೊರಬರುತ್ತದೆ, ಎರಡರ ವ್ಯತ್ಯಾಸವೇ ನಮಗೆ ಕಾಣುವ ಬಿಸಿ. ಐಜಿಸಿಎಸ್‌ಇ ಇದನ್ನು ಬಂಧಶಕ್ತಿಯ ಅಂಕಿ ಕೊಟ್ಟು ಲೆಕ್ಕ ಮಾಡಿಸುತ್ತದೆ. ಎನ್‌ಜಿಎಸ್‌ಎಸ್ ಇದನ್ನೇ ಒಂದು ಮಾದರಿ ಕಟ್ಟಿ ತೋರಿಸು ಅನ್ನುತ್ತದೆ. ಲೆಕ್ಕ ಸರಿಯಾಗಿ ಮಾಡಿದ ಮಗು ತಪ್ಪು ನಂಬಿಕೆಯನ್ನು ಹಾಗೇ ಇಟ್ಟುಕೊಂಡಿರಬಹುದು, ಮಾದರಿ ಕಟ್ಟಿದ ಮಗು ಲೆಕ್ಕದಲ್ಲಿ ಎಡವಬಹುದು. ನನ್ನ ಮಟ್ಟಿಗೆ ಎರಡೂ ಬೇಕು, ಮಾದರಿ ಮೊದಲು.

ಐಬಿ ತನ್ನ ಸಿಲೆಬಸ್ಸನ್ನು ಪೂರ್ತಿ ಮರುಜೋಡಿಸಿದೆ. 2023ರಲ್ಲಿ ಪಾಠ ಶುರುವಾಗಿ 2025ರಲ್ಲಿ ಮೊದಲ ಪರೀಕ್ಷೆ ನಡೆದ ಈ ಆವೃತ್ತಿಯಲ್ಲಿ ಇರುವುದು ಎರಡೇ ದೊಡ್ಡ ತಲೆಬರಹ, ರಚನೆ ಮತ್ತು ಕ್ರಿಯಾಶೀಲತೆ. ಹಳೆಯ ಐಚ್ಛಿಕ ಪಾಠಗಳನ್ನು ತೆಗೆದರು. ಒಳಗಿನ ಭಾಗಗಳು ಪ್ರಶ್ನೆಯ ರೂಪದಲ್ಲೇ ಇವೆ, ಕ್ರಿಯೆಯನ್ನು ನಡೆಸುವುದು ಏನು, ಎಷ್ಟು, ಎಷ್ಟು ವೇಗ, ಎಷ್ಟು ದೂರ ಅನ್ನುವ ಹಾಗೆ. ಪಾಠಗಳ ನಡುವಿನ ನಂಟನ್ನು ಇಷ್ಟು ಚೆನ್ನಾಗಿ ಬರೆದು ಕೊಟ್ಟಿರುವುದನ್ನು ಬೇರೆ ಕಡೆ ನೋಡಿಲ್ಲ. ಸಮಯ ಮಾತ್ರ ಜಾಸ್ತಿ ಬೇಕು: ಸ್ಟ್ಯಾಂಡರ್ಡ್‌ಗೆ 150 ಗಂಟೆ, ಹೈಯರ್‌ಗೆ 240. ಅಂತಿಮ ಅಂಕದ 20 ಶೇಕಡಾ ವಿದ್ಯಾರ್ಥಿ ತಾನೇ ಪ್ರಶ್ನೆ ಹುಡುಕಿಕೊಂಡು ಮಾಡಿದ ತನಿಖೆಗೆ, ಅದರ ವರದಿ 3000 ಪದ ಮೀರಬಾರದು. ಪ್ರತಿ ವಿದ್ಯಾರ್ಥಿಗೂ ಬೇರೆ ಪ್ರಶ್ನೆ, ಬೇರೆ ಸಾಮಾನು, ಬೇರೆ ಅಪಾಯ. ಲ್ಯಾಬ್‌ನಲ್ಲಿ ಸಹಾಯಕರು ಇಲ್ಲದಿದ್ದರೆ ಶಿಕ್ಷಕರು ಸುಸ್ತಾಗುವುದು ಖಂಡಿತ.

ಎಪಿ ಅಂದರೆ ಕಾಲೇಜಿನ ಮೊದಲ ವರ್ಷದ ಕೆಮಿಸ್ಟ್ರಿಯನ್ನು ಹೈಸ್ಕೂಲಿಗೆ ತಂದದ್ದು. 9 ಘಟಕಗಳು, 6 ವೈಜ್ಞಾನಿಕ ಅಭ್ಯಾಸಗಳು. ಮೊದಲು ಒಂದು ವರ್ಷ ಕೆಮಿಸ್ಟ್ರಿ ಓದಿರಬೇಕು, ಇಲ್ಲದೆ ನೇರ ಇದಕ್ಕೆ ಇಳಿಸಿದರೆ ಮಕ್ಕಳು ಮುಳುಗುತ್ತಾರೆ. ಇಲ್ಲೂ ಗಡಿಗಳನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಉದಾಹರಣೆಗೆ, ಎಲೆಕ್ಟ್ರಾನ್‌ಗೆ ಕ್ವಾಂಟಮ್ ಸಂಖ್ಯೆ (ಪರಮಾಣುವಿನಲ್ಲಿ ಅದರ ಸ್ಥಿತಿ ಹೇಳುವ ಅಂಕಿಗಳು) ಕೊಡುವುದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಅದೇ ಎನ್‌ಸಿಇಆರ್‌ಟಿಯ 11ನೇ ತರಗತಿಯಲ್ಲಿ ನಾಲ್ಕೂ ಕ್ವಾಂಟಮ್ ಸಂಖ್ಯೆ ಕಲಿಯಲೇಬೇಕು. ಇದನ್ನು ನೋಡಿ ಎನ್‌ಸಿಇಆರ್‌ಟಿ ಮೇಲ್ಮಟ್ಟದ್ದು ಅಂದುಕೊಳ್ಳುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಆ ಸಂಖ್ಯೆಗಳು ಎಲ್ಲಿಂದ ಬಂದವು ಅಂತ ತೋರಿಸುವ ಗಣಿತ ಆ ವಯಸ್ಸಿಗೆ ಇಲ್ಲ, ಹಾಗಾಗಿ ಅದು ನಿಯಮ ನೆನಪಿಟ್ಟು ಅಂಕಿ ತುಂಬುವ ಕೆಲಸವಾಗುತ್ತದೆ. ಎನ್‌ಸಿಇಆರ್‌ಟಿಯ ಶಕ್ತಿ ಬೇರೆ ಕಡೆ ಇದೆ: ಆರ್ಗ್ಯಾನಿಕ್, ಕೋಆರ್ಡಿನೇಶನ್ ಸಂಯುಕ್ತಗಳು, ಮತ್ತೆ ಟೈಟ್ರೇಶನ್ (ಹನಿ ಹನಿ ಸೇರಿಸಿ ದ್ರಾವಣದ ಸಾಂದ್ರತೆ ಅಳೆಯುವುದು). ಎಪಿಯಲ್ಲಿ ಆರ್ಗ್ಯಾನಿಕ್ ಅಂತ ಪ್ರತ್ಯೇಕ ಘಟಕವೇ ಇಲ್ಲ.

ಲ್ಯಾಬ್ ನೋಡಿ ನಿರ್ಧರಿಸಿ

ಆಯ್ಕೆಯನ್ನು ಕೊನೆಗೆ ತೀರ್ಮಾನಿಸಬೇಕಾದ್ದು ಲ್ಯಾಬ್. ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ, ನೀವು ಮೊದಲಿಗೆ ತನ್ನಿ.

ಎಪಿಯ ಪ್ರಕಾರ ಪಾಠದ ಸಮಯದಲ್ಲಿ 25 ಶೇಕಡಾ ಲ್ಯಾಬ್‌ನಲ್ಲಿ ಕಳೆಯಬೇಕು, ಕನಿಷ್ಠ 16 ಪ್ರಯೋಗ, ಅದರಲ್ಲಿ 6 ವಿದ್ಯಾರ್ಥಿಯೇ ದಾರಿ ಹುಡುಕುವಂಥವು. ಐಬಿಯಲ್ಲಿ ಪ್ರಯೋಗದ ಕಾರ್ಯಕ್ರಮಕ್ಕೆ ಸ್ಟ್ಯಾಂಡರ್ಡ್‌ನಲ್ಲಿ 40 ಗಂಟೆ, ಹೈಯರ್‌ನಲ್ಲಿ 60. ಸಿಬಿಎಸ್‌ಇ 12ನೇ ತರಗತಿಯಲ್ಲಿ ಥಿಯರಿಗೆ 70 ಅಂಕ, ಪ್ರಾಕ್ಟಿಕಲ್‌ಗೆ 30, ಆ 30ರಲ್ಲಿ ಟೈಟ್ರೇಶನ್‌ಗೆ 8, ಸಾಲ್ಟ್ ಅನಾಲಿಸಿಸ್‌ಗೆ (ಕೊಟ್ಟ ಲವಣ ಯಾವುದು ಅಂತ ಪತ್ತೆ ಹಚ್ಚುವುದಕ್ಕೆ) 8. ಪರ್ಮ್ಯಾಂಗನೇಟ್ ಹನಿ ಬೀಳುತ್ತಾ ಬೀಳುತ್ತಾ ತೆಳು ಗುಲಾಬಿ ಬಣ್ಣ ಹೋಗದೆ ನಿಲ್ಲುವ ಆ ಒಂದು ಹನಿಯನ್ನು ಹಿಡಿಯುವುದು ಒಳ್ಳೆಯ ಕೈಕೆಲಸ, ಅದನ್ನು ಎಲ್ಲರೂ ಕಲಿಯಬೇಕು. ಆದರೆ ಸಾಲ್ಟ್ ಅನಾಲಿಸಿಸ್ ಎಷ್ಟೋ ಕಡೆ ಬಣ್ಣ ನೋಡಿ ಉತ್ತರ ಊಹಿಸಿ, ಆಮೇಲೆ ಪರೀಕ್ಷೆಗಳನ್ನು ಬರೆದು ಮುಗಿಸುವ ಆಟವಾಗುತ್ತದೆ. ಅದು ಮಾನದಂಡದ ದೋಷವಲ್ಲ, ಅಂಕ ಬರೀ ಉತ್ತರಕ್ಕೆ ಬೀಳುವುದರ ಫಲ.

ಕೇಂಬ್ರಿಡ್ಜ್ ಎ ಲೆವೆಲ್‌ನಲ್ಲಿ ಎರಡು ಗಂಟೆಯ ಪ್ರಾಕ್ಟಿಕಲ್ ಪರೀಕ್ಷೆ ಇದೆ. ಬ್ಯುರೆಟ್‌ನ (ಟೈಟ್ರೇಶನ್‌ಗೆ ಬಳಸುವ ಅಳತೆಯ ನಳಿಕೆ) ಓದನ್ನು 0.05 ಮಿಲಿಲೀಟರ್‌ವರೆಗೆ ಬರೆಯಬೇಕು. 24.3 ಅಂತ ಬರೆದರೆ ಸಾಲದು, 24.30 ಅಂತಲೇ ಬರೆಯಬೇಕು. ಆ ಸೊನ್ನೆಗೆ ಅರ್ಥವಿದೆ, ಎಷ್ಟು ಸೂಕ್ಷ್ಮವಾಗಿ ನೋಡಿದ್ದೀಯ ಅನ್ನುವುದನ್ನು ಅದು ಹೇಳುತ್ತದೆ. ಐಜಿಸಿಎಸ್‌ಇಯಲ್ಲಿ ಮಾತ್ರ ಇನ್ನೊಂದು ದಾರಿ ಇಟ್ಟಿದ್ದಾರೆ. ಲ್ಯಾಬ್ ಪರೀಕ್ಷೆಯ ಬದಲು ಕಾಗದದ ಮೇಲೆ ಬರೆಯುವ ಪೇಪರ್ 6. ಥರ್ಮಾಮೀಟರ್‌ನ ಚಿತ್ರ ನೋಡಿ ಅಂಕಿ ಬರೆಯಬಹುದು, ಗ್ರಾಫ್ ಎಳೆಯಬಹುದು, ಪ್ರಯೋಗ ಯೋಜಿಸಬಹುದು. ಲ್ಯಾಬ್ ಚಿಕ್ಕದಾಗಿರುವ ಶಾಲೆಗೆ ಇದು ಆಸರೆ. ಆದರೆ ಒಂದು ಸಲವೂ ಬ್ಯುರೆಟ್ ಮುಟ್ಟದ ಮಗು ಇದರಲ್ಲಿ ಒಳ್ಳೆಯ ಅಂಕ ತೆಗೆಯಬಹುದು ಅನ್ನುವುದು ನನಗೆ ನೋವಿನ ವಿಷಯ. ಪೇಪರ್ 6 ಆರಿಸಿದರೂ ಪ್ರಯೋಗ ಮಾಡಿಸಿ.

ಇಂಗ್ಲೆಂಡಿನ ಶಾಲೆಗಳ ಸ್ವಂತ ಎ ಲೆವೆಲ್ ಇದಕ್ಕೆ ಇನ್ನೊಂದು ಉತ್ತರ ಕಂಡುಕೊಂಡಿದೆ. 2015ರಿಂದ ಅಲ್ಲಿ ಕನಿಷ್ಠ 12 ಪ್ರಯೋಗ ಮಾಡಿ ಕೌಶಲ ತೋರಿಸಿದರೆ ಪ್ರತ್ಯೇಕವಾಗಿ ಪಾಸ್ ಅಂತ ಕೊಡುತ್ತಾರೆ, ಅದು ಗ್ರೇಡ್‌ಗೆ ಸೇರುವುದಿಲ್ಲ. ಲಿಖಿತ ಪರೀಕ್ಷೆಯಲ್ಲಿ ಕನಿಷ್ಠ 15 ಶೇಕಡಾ ಅಂಕ ಪ್ರಯೋಗದ ಜ್ಞಾನಕ್ಕೆ. ಉತ್ತರ ಸರಿಬಂತೋ ಅನ್ನುವ ಭಯ ಇಲ್ಲದೆ ಕೆಲಸ ಕಲಿಯಬಹುದು, ಈ ವಿಚಾರ ನನಗೆ ಹಿಡಿಸಿತು.

ಸಾಮಾನು ಕಡಿಮೆ ಇದ್ದರೆ ಮೈಕ್ರೋಸ್ಕೇಲ್ ದಾರಿ ಇದೆ. ಬಿಳಿ ಹಾಳೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ಡ್ರಾಪರ್‌ನಿಂದ ಒಂದೆರಡು ಹನಿಗಳಲ್ಲೇ ಪ್ರಯೋಗ ಮುಗಿಸುವುದು. ಮೇಲೆ ಹೇಳಿದ ಥಯೋಸಯನೇಟ್ ಪ್ರಯೋಗವೂ ಹೀಗೆ ಹನಿಗಳಲ್ಲೇ ಆಗುತ್ತದೆ. ಖರ್ಚು ಕಡಿಮೆ, ತ್ಯಾಜ್ಯ ಕಡಿಮೆ, ಅಪಾಯವೂ ಕಡಿಮೆ.

ಸುರಕ್ಷತೆಯ ವಿಷಯದಲ್ಲಿ ಮೇಲಿನ ಯಾವುದನ್ನು ಆರಿಸಿದರೂ ಅಮೆರಿಕನ್ ಕೆಮಿಕಲ್ ಸೊಸೈಟಿಯ ಮಾರ್ಗಸೂಚಿಯನ್ನು ಜೊತೆಗೆ ಇಟ್ಟುಕೊಳ್ಳಿ. ಅದರ ಹಂತಗಳು ನಾಲ್ಕು: ಅಪಾಯ ಗುರುತಿಸು, ಎಷ್ಟು ಗಂಭೀರ ಅಂತ ತೂಗು, ಕಡಿಮೆ ಮಾಡು, ತುರ್ತಿಗೆ ಸಿದ್ಧವಾಗಿರು. ಲ್ಯಾಬ್‌ನಲ್ಲಿ ಒಬ್ಬ ಶಿಕ್ಷಕರಿಗೆ 24 ವಿದ್ಯಾರ್ಥಿಗಳಿಗಿಂತ ಜಾಸ್ತಿ ಇರಬಾರದು ಅಂತಲೂ ಅದು ಹೇಳುತ್ತದೆ. ಬಟ್ಟಲುಗಳಲ್ಲಿ ಮೆಥನಾಲ್ ಸುರಿದು ಲವಣ ಬೆರೆಸಿ ಬಣ್ಣದ ಜ್ವಾಲೆ ತೋರಿಸುವ ಪ್ರದರ್ಶನ ಎಷ್ಟೋ ಶಾಲೆಗಳಲ್ಲಿ ಮಕ್ಕಳನ್ನು ಸುಟ್ಟಿದೆ. ಉರಿ ಆರಿತು ಅಂದುಕೊಂಡು ಶಿಕ್ಷಕರು ಬಾಟಲಿಯಿಂದ ಮತ್ತೆ ಮೆಥನಾಲ್ ಸುರಿಯುತ್ತಾರೆ, ಆವಿಗೆ ಬೆಂಕಿ ಹತ್ತಿ ಬಾಟಲಿಯಿಂದ ಜ್ವಾಲೆ ಎದುರಿಗೆ ಕೂತವರ ಮೇಲೆ ನುಗ್ಗುತ್ತದೆ. 2014ರಲ್ಲಿ ಈ ಸೊಸೈಟಿ ಅದನ್ನು ನಿಲ್ಲಿಸಿ ಅಂತ ಹೇಳಿತು. ಮರದ ಕಡ್ಡಿಗಳನ್ನು ಲವಣದ ನೀರಿನಲ್ಲಿ ರಾತ್ರಿ ನೆನೆಸಿಟ್ಟು ಬರ್ನರ್ ಜ್ವಾಲೆಗೆ ಹಿಡಿದರೆ ಅದೇ ಬಣ್ಣಗಳು ಕಾಣುತ್ತವೆ. ನಿಮ್ಮ ಸಿಲೆಬಸ್‌ನ ಪ್ರಯೋಗ ಪುಸ್ತಕದಲ್ಲಿ ಇನ್ನೂ ಮೆಥನಾಲ್ ಪ್ರದರ್ಶನ ಇದ್ದರೆ ಆ ಪುಟ ಬಿಟ್ಟುಬಿಡಿ.

ಹಾಗಾದರೆ ಯಾರಿಗೆ ಯಾವುದು

ಎಲ್ಲ ಮಕ್ಕಳಿಗೂ ಕಡ್ಡಾಯವಾದ ವಿಜ್ಞಾನ ತರಗತಿ, ಮುಂದೆ ಕೆಮಿಸ್ಟ್ರಿ ಓದುವವರು ಕೆಲವರೇ, ಪಾಠ ಕಟ್ಟಲು ಅನುಭವಿ ಶಿಕ್ಷಕರಿದ್ದಾರೆ ಅಂದರೆ ಎನ್‌ಜಿಎಸ್‌ಎಸ್. ಶಿಕ್ಷಕರು ಹೊಸಬರು, ಮಕ್ಕಳ ಮಟ್ಟ ಬೇರೆ ಬೇರೆ, ಲ್ಯಾಬ್ ಸಾಧಾರಣ ಅಂದರೆ ಐಜಿಸಿಎಸ್‌ಇ. ಲ್ಯಾಬ್ ಗಟ್ಟಿಯಾಗಿದೆ, ಸಹಾಯಕರಿದ್ದಾರೆ, ಎರಡು ವರ್ಷದ ಸಮಯವಿದೆ ಅಂದರೆ ಐಬಿ ಹೈಯರ್ ಬಗ್ಗೆ ಯೋಚಿಸಿ. ಒಂದು ಸುತ್ತು ಕೆಮಿಸ್ಟ್ರಿ ಮುಗಿಸಿ ಇನ್ನೂ ಬೇಕು ಅನ್ನುವ ಮಕ್ಕಳಿಗೆ ಎಪಿ. ಮುಂದಿನ ಪ್ರವೇಶ ಪರೀಕ್ಷೆ ಎನ್‌ಸಿಇಆರ್‌ಟಿ ಆಧರಿಸಿದ್ದರೆ ಅದನ್ನೇ ಹಿಡಿಯಿರಿ, ಅಲ್ಲಿ ಬೇರೆ ಸಾಹಸ ಬೇಡ.

ಬದಲಾಯಿಸುವ ಸ್ವಾತಂತ್ರ್ಯವೇ ಇಲ್ಲದವರು ಜಾಸ್ತಿ, ಅಲ್ವಾ? ಅವರು ಸಿಲೆಬಸ್ ಹಾಗೇ ಇಟ್ಟುಕೊಂಡು ಇನ್ನೊಂದರಿಂದ ಒಂದು ಗುಣ ಎರವಲು ತರಬಹುದು. ಎನ್‌ಸಿಇಆರ್‌ಟಿ ಕಲಿಸುವವರು ಎನ್‌ಜಿಎಸ್‌ಎಸ್‌ನಿಂದ ಪ್ರಶ್ನೆ ಕೇಳುವ ರೀತಿ ತರಲಿ. ಎನ್‌ಜಿಎಸ್‌ಎಸ್ ಕಲಿಸುವವರು ಐಜಿಸಿಎಸ್‌ಇಯ ಮೋಲ್ ಲೆಕ್ಕಗಳನ್ನು ಸೇರಿಸಲಿ. ಬೇಕಿದ್ದರೆ ಮೊದಲ ವಾರ ಒಂದು ಪ್ರಶ್ನೆ ಕೇಳಿ ನೋಡಿ: ಕುದಿಯುವ ನೀರಿನಲ್ಲಿ ಏಳುವ ದೊಡ್ಡ ಗುಳ್ಳೆಗಳ ಒಳಗೆ ಏನಿದೆ, ಕಣಗಳ ಚಿತ್ರ ಬಿಡಿಸು. ಗಾಳಿ ಅನ್ನುವವರು ಇರುತ್ತಾರೆ, ಹೈಡ್ರೋಜನ್ ಮತ್ತು ಆಕ್ಸಿಜನ್ ಅನ್ನುವವರೂ ಇರುತ್ತಾರೆ. ಸರಿಯಾಗಿ ನೀರಿನ ಅಣುಗಳನ್ನೇ ದೂರ ದೂರ ಬಿಡಿಸಿದವರು ಎಷ್ಟು ಜನ ಅನ್ನುವುದರ ಮೇಲೆ ಆ ತರಗತಿಗೆ ಲೆಕ್ಕ ಮೊದಲು ಬೇಕೋ ಕಣಗಳ ಚಿತ್ರ ಮೊದಲು ಬೇಕೋ ತೀರ್ಮಾನಿಸಿ.

ಇನ್ನೊಂದು ಮಾತು. ಸಿಲೆಬಸ್ ಡೌನ್‌ಲೋಡ್ ಮಾಡುವಾಗ ಮೇಲೆ ಬರೆದಿರುವ ಪರೀಕ್ಷೆಯ ವರ್ಷ ನೋಡಿ. ಕೇಂಬ್ರಿಡ್ಜ್ ಕೆಲವು ವರ್ಷಕ್ಕೊಮ್ಮೆ ಬದಲಿಸುತ್ತದೆ, ಐಬಿಯ ಹಳೆಯ ಗೈಡ್ ಈಗಲೂ ಎಲ್ಲೆಡೆ ಸಿಗುತ್ತದೆ, ಎನ್‌ಸಿಇಆರ್‌ಟಿ ಘನಸ್ಥಿತಿ, ಪಾಲಿಮರ್‌ನಂಥ ಪಾಠಗಳನ್ನು ಕೈಬಿಟ್ಟಿದೆ. ನಿಮ್ಮ ವಿದ್ಯಾರ್ಥಿ ಪರೀಕ್ಷೆ ಬರೆಯುವ ವರ್ಷ ಅದರಲ್ಲಿ ಇಲ್ಲದಿದ್ದರೆ ಆ ಫೈಲ್ ಮುಚ್ಚಿ, ಹೊಸದನ್ನು ತೆಗೆಯಿರಿ.